ಕರಿ ಬಟ್ಟೆಯ ಕೆಳಗಿನ ಅರ್ಧ ಗಂಟೆ

ಎಂಬತ್ತರ ದಶಕದ ನಡುವೆ ನಾನು ಕೋಲಾರದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಸಂಬಳ ಅದಕ್ಕೆ, ಹೆಸರು ಬಂದದ್ದು ಮಾತ್ರ ಮಿಮಿಕ್ರಿಯಿಂದ. ಪ್ರಿನ್ಸಿಪಾಲರ ಕೆಮ್ಮು, ಮಾಸ್ತಿ ಬಸ್ಸಿನ ಕಂಡಕ್ಟರು, ಡೈರಿಯಲ್ಲಿ ಹಾಲಿನ ಅಳತೆಗೆ ಜಗಳ ತೆಗೆಯುವ ನಮ್ಮಮ್ಮ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಸ್ವಂತ ದನಿಯನ್ನು ಆದಷ್ಟು ಹೊರಗೆ ಬಿಡುತ್ತಿರಲಿಲ್ಲ. ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ದನಿ. ಅದನ್ನು ಕೇಳುವ ಪಾಪ ಯಾರು ಮಾಡಿದ್ದಾರೆ?

ಆ ವರ್ಷ ನಮ್ಮ ವಿಭಾಗದ ಮುಖ್ಯಸ್ಥರಿಗೆ ಒಂದು ಹುಚ್ಚು ಹಿಡಿದಿತ್ತು. ಬಿಳಿ ಪೇಂಟಿಗೆ ಹಾಕುವ ಟೈಟಾನಿಯಂ ಡೈಆಕ್ಸೈಡ್ ಪುಡಿಯನ್ನು ಬಣ್ಣದ ನೀರಿಗೆ ಬೆರೆಸಿ ಬಿಸಿಲಿಗಿಟ್ಟರೆ, ಪುಡಿ ಬಿಸಿಲನ್ನು ಹಿಡಿದುಕೊಂಡು ಬಣ್ಣವನ್ನು ಮುರಿದುಹಾಕುತ್ತದೆ, ತಾನು ಮಾತ್ರ ಸವೆಯುವುದಿಲ್ಲ. ಊರಾಚೆ ರೇಷ್ಮೆ ನೂಲಿಗೆ ಬಣ್ಣ ಹಾಕುವ ಷೆಡ್ಡೊಂದಿತ್ತು. ಅಲ್ಲಿಂದ ಹೊರಟ ಕೆಂಪು ನೀರು ಪಕ್ಕದ ಹಿಪ್ಪುನೇರಳೆ ತೋಟಕ್ಕೆ ನುಗ್ಗುತ್ತಿತ್ತು. ಅದನ್ನು ಕ್ಯಾನಿನಲ್ಲಿ ತುಂಬಿ ಬಸ್ಸಿನಲ್ಲಿ ತರುವುದು ನನ್ನ ಪಾಲಿನ ವಿಜ್ಞಾನ.

"ಏನ್ಲಾ ಅದು, ರಕ್ತಾನಾ?" ಎಂದು ಯಾರಾದರೂ ಕೇಳಿದರೆ, "ದಾಳಿಂಬೆ ಶರಬತ್ತು, ಒಂದ್ ಗ್ಲಾಸ್ ಹಾಕ್ಲಾ?" ಎನ್ನುತ್ತಿದ್ದೆ.

ಇನ್ನೊಬ್ಬ ಡೆಮಾನ್‌ಸ್ಟ್ರೇಟರ್ ರಾಯಲ್ಪಾಡು ಕಡೆಯವಳು. ಮನೆಮಾತು ತೆಲುಗು. ಶ್ರೀನಿವಾಸಪುರದ ಅಕ್ಕನ ಮನೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಕಾಲೇಜಿನ ತಾರಸಿಯ ಮೇಲೆ ಎನಾಮಲ್ ತಟ್ಟೆಗಳನ್ನು ಸಾಲಾಗಿಟ್ಟು, ನೀರು ಪುಡಿ ಎರಡನ್ನೂ ಗಾಜಿನ ಕಡ್ಡಿಯಿಂದ ಕದಡುವುದು ನಮ್ಮಿಬ್ಬರ ಕೆಲಸ. ಆದರೆ ನೇರ ಬಿಸಿಲಿಗೆ ಇಡುವಂತಿರಲಿಲ್ಲ. ಮೊದಲು ಅರ್ಧ ಗಂಟೆ ನೀರಿನ ಟ್ಯಾಂಕಿನ ನೆರಳಲ್ಲಿ, ಕರಿ ಬಟ್ಟೆ ಹೊದಿಸಿ ಕಾಯಬೇಕು. ಏಕೆಂದರೆ ಸ್ವಲ್ಪ ಬಣ್ಣ ಸುಮ್ಮನೆ ಪುಡಿಗೆ ಅಂಟಿಕೊಳ್ಳುತ್ತದೆ, ನೀರು ತಿಳಿಯಾದಂತೆ ಕಾಣುತ್ತದೆ. "ಅಂಟ್ಕೊಂಡಿದ್ದನ್ನ ಹೋಯ್ತು ಅಂತ ಬರೀಬೇಡ್ರಿ!" ಎಂದು ಮುಖ್ಯಸ್ಥರು ಮೂಗಿನಲ್ಲಿ ಗದರಿದ್ದರು. ಅಂಟುವುದೆಲ್ಲ ಅಂಟಿದ ಮೇಲೆಯೇ ಬಿಸಿಲಿನ ಲೆಕ್ಕ ಶುರು.

ಅಷ್ಟು ಹೊತ್ತು ಮಾಡಲು ಏನೂ ಕೆಲಸವಿರುತ್ತಿರಲಿಲ್ಲ. ಅವಳು ಟ್ಯಾಂಕಿಗೆ ಒರಗಿ ಕೂರುವಳು, ನಾನು ನನ್ನ ದನಿಯೊಂದನ್ನು ಬಿಟ್ಟು ಇಡೀ ಕಾಲೇಜನ್ನು ಅವಳ ಮುಂದೆ ತಂದು ನಿಲ್ಲಿಸುವೆ. "ಚಾಲು, ಸಾಕು ಸ್ವಾಮಿ, ನಿಲ್ಸಿ, ಹೊಟ್ಟೆ ನೋಯ್ತದೆ," ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಳು. ಈಗಲೂ ನನಗೆ ಬೇಕೆನಿಸುವುದು ಆ ಅರ್ಧ ಗಂಟೆಗಳೇ. ಮೋಡ ಕವಿದು ಪ್ರಯೋಗ ನಿಂತ ದಿನ ಮುಖ್ಯಸ್ಥರಿಗಿಂತ ಹೆಚ್ಚು ನೊಂದವನು ನಾನು.

ಒಂದು ಶುಕ್ರವಾರ ಅವಳು ನಗಲಿಲ್ಲ. ಬಟ್ಟೆಯ ಅಂಚಿಗೆ ಕಲ್ಲು ಹೇರುತ್ತ, "ಭಾನುವಾರ ಮಾಲೂರಿಂದ ನನ್ನ ನೋಡಕ್ಕೆ ಬರ್ತಾರಂತೆ," ಎಂದಳು. ಕೊನೆಯ ಕಲ್ಲಿಟ್ಟು, "ಏನ್ ಹೇಳ್ಲಿ ನಾನು?" ಎಂದಳು.

ಹೇಳಬೇಕಾದ ಮಾತು ತಿಂಗಳುಗಳಿಂದ ನಾಲಿಗೆಯ ತುದಿಯಲ್ಲೇ ಇತ್ತು. ಬೇಡ ಅನ್ನಿ, ನಾನಿದ್ದೀನಿ. ಅಷ್ಟೇ. ಬಾಯಿ ತೆರೆದೆ. ಹೊರಬಂದದ್ದು ಮುಖ್ಯಸ್ಥರು: "ಏನ್ರೀ, ಅರ್ಧ ಗಂಟೆ ಕಾಯ್ರಿ! ಆಮೇಲೆ ರೀಡಿಂಗ್ ತಗೊಳ್ರಿ!"

ಅವಳಿಗೆ ನಗು ಉಕ್ಕಿತು, ಅರ್ಧಕ್ಕೇ ನಿಂತಿತು. "ಅವರ ಮಾತು ಬಿಡ್ರಿ. ನೀವೇನಂತೀರಾ?"

ನಾನು ಕಂಡಕ್ಟರಾದೆ. "ಮಾಲೂರ್ ಮಾಲೂರ್ ಮಾಲೂರ್! ರೈಟ್ ರೈಟ್!" ಅಂದೆನಲ್ಲ! ಆ ನಾಲಿಗೆಯನ್ನು ಯಾವ ಬಿಸಿಲಿಗಿಟ್ಟು ತೊಳೆಯಲಿ?

ಅವಳು ಗಡಿಯಾರ ನೋಡಿಕೊಂಡಳು. ಅರ್ಧ ಗಂಟೆ ಇನ್ನೂ ಮುಗಿದಿರಲಿಲ್ಲ. ಆದರೂ ಬಟ್ಟೆ ಎಳೆದು, ತಟ್ಟೆಗಳನ್ನು ಒಬ್ಬಳೇ ಒಂದೊಂದಾಗಿ ಬಿಸಿಲಿಗೆ ಹೊತ್ತೊಯ್ದಳು. ಸಂಜೆಯ ಹೊತ್ತಿಗೆ ಕೆಂಪು ಕರಗಿ, ಪುಡಿ ತಳಕ್ಕಿಳಿದು, ನೀರು ತಿಳಿಯಾಯಿತು. ಅವಳು ರೀಡಿಂಗ್ ಬರೆದು, ಪುಸ್ತಕ ನನ್ನ ಕೈಗಿಟ್ಟು ಇಳಿದು ಹೋದಳು. ಮುಂದಿನ ತಿಂಗಳು ಮಾಲೂರಿನ ಸೊಸೆಯಾದಳು.

ಪ್ರಯೋಗವೂ ತಟ್ಟೆ ದಾಟಲಿಲ್ಲ. ಷೆಡ್ಡಿನ ಹೊಂಡದ ನೀರಿಗೆ ಪುಡಿ ಸುರಿದರೆ ಹಾಲಿನಂತೆ ಬೆಳ್ಳಗಾಗಿ, ಬಿಸಿಲು ಒಳಕ್ಕಿಳಿಯಲೇ ಇಲ್ಲ.

ಎರಡು ವರ್ಷದ ಮೇಲೆ ಮಾಲೂರು ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಕಂಕುಳಲ್ಲಿ ಮಗು. ನೋಡಿದ್ದೇ ಮುಖ ಅರಳಿತು. "ಓ, ನೀವಾ! ಇನ್ನೂ ಬಣ್ಣ ತೆಗೀತಾ ಇದ್ದೀರಾ?"

"ತೆಗೀತಿದ್ದೀನಿ. ನೀವಿಲ್ದೆ ಆ ಅರ್ಧ ಗಂಟೆ ಕಳಿಯೋದೇ ಇಲ್ಲ."

ಯಾರನ್ನೂ ಕರೆಯದೆ, ನನ್ನದೇ ದನಿಯಲ್ಲಿ ಹೇಳಿದೆ. ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡಳು. ಮೆಲ್ಲಗೆ ನಕ್ಕಳು.

"ಚೆನ್ನಾಗ್ ಮಾಡಿದ್ರಿ. ಯಾರ ದನಿ ರೀ ಇದು? ನಾನ್ ಕೇಳೇ ಇಲ್ವಲ್ಲ."

ನನ್ನ ಬಸ್ಸು ಹಾರನ್ ಹೊಡೆಯುತ್ತಿತ್ತು.

"ನಮ್ಮೂರ ಕಡೆಯೋರೊಬ್ರು," ಅಂದೆ. "ನಿಮಗೆ ಪರಿಚಯ ಇಲ್ಲ."