ಸೊಸೆಯ ಸಿಟ್ಟಿನ ಪಾಸ್‌ವರ್ಡ್

ನನ್ನ ಸೊಸೆಗೆ ಸಿಟ್ಟು ಬಂದರೆ ಬಾಯಿ ತೆರೆಯುವುದಿಲ್ಲ, ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಯಿಸುತ್ತಾಳೆ. ಇದು ನನಗೆ ಗೊತ್ತಾದದ್ದು ಮೊನ್ನೆ ಮೊನ್ನೆ. ನಾನೋ, ಮನಸ್ಸಿಗೆ ಬಂದದ್ದನ್ನು ಆಡಿಬಿಡದಿದ್ದರೆ ಹೊಟ್ಟೆ ಉಬ್ಬರಿಸಿಕೊಳ್ಳುವ ಹೆಂಗಸು. ಅವಳೋ, ಈ ಮನೆಗೆ ಬಂದಾಗಿನಿಂದ ನನ್ನೆದುರು ‘ಹೂಂ ಅತ್ತೆ’ ಬಿಟ್ಟು ಬೇರೆ ಮಾತು ಆಡಿದವಳಲ್ಲ.

ಅವಳದು ಎಂಬ್ರಾಯ್ಡರಿ ಕೆಲಸ. ಬಟ್ಟೆ ಕಾರ್ಖಾನೆಯ ನೌಕರಿ ಬಿಟ್ಟು ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಹಾಕಿಕೊಂಡಿದ್ದಾಳೆ. ಯಾವ ಹೊಲಿಗೆ ಎಲ್ಲಿ ಬೀಳಬೇಕು, ಯಾವ ಬಣ್ಣದ ದಾರ ಮೊದಲು, ಯಾವುದು ಆಮೇಲೆ ಎಂದು ಕಂಪ್ಯೂಟರಿನಲ್ಲಿ ಕೂರಿಸಿ, ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಮಷೀನು ಹೊಲಿಯುತ್ತದೆ. ಹೊಸ ಆಸ್ಪತ್ರೆಯ ನರ್ಸುಗಳ ಬಿಳಿ ಕೋಟುಗಳಿಗೆ ಬ್ಯಾಡ್ಜ್ ಮಾಡಿಕೊಡುವುದು ಅವಳಿಗೆ ಸಿಕ್ಕ ಮೊದಲ ದೊಡ್ಡ ಆರ್ಡರು. ಡಿಸೈನ್ ಮುಗಿಸಿದವಳೇ ಜ್ವರ ಬಂದು ವಾರ ಮಲಗಿದಳು. ಎದ್ದು ಬಂದು ಕಂಪ್ಯೂಟರ್ ಹಾಕಿದರೆ ಪಾಸ್‌ವರ್ಡ್ ಮರೆತೇ ಹೋಗಿದೆ! ಮರುದಿನ ಸಂಜೆಯೊಳಗೆ ಬ್ಯಾಡ್ಜ್ ಕೊಡದಿದ್ದರೆ ಆರ್ಡರು ಪೇಟೆಯ ದೊಡ್ಡ ಅಂಗಡಿಯ ಪಾಲು.

ರಿಪೇರಿಯವನು ಬಂದು ನೋಡಿದ. “ಎಲ್ಲ ಅಳಿಸಿ ಹೊಸದಾಗಿ ಹಾಕ್ಕೊಡ್ತೀನಿ. ಒಳಗಿರೋದು ಮಾತ್ರ ಉಳಿಯಲ್ಲ” ಎಂದ.

“ಒಳಗಿರೋದೇ ಅಲ್ವೇನಯ್ಯ ನಮಗೆ ಬೇಕಾಗಿರೋದು!” ಎಂದು ಅವನನ್ನು ಸಾಗಹಾಕಿದೆ.

ಸೊಸೆಯ ಮುಖ ಬಿಳಿಚಿಕೊಂಡಿತ್ತು. “ಮತ್ತೆ ಕಾರ್ಖಾನೆಗೇ ಹೋಗ್ಬೇಕೇನೋ, ಅತ್ತೆ” ಎಂದಳು.

ಆಗ ನನ್ನ ಮಗ ಗುಟ್ಟು ಬಿಟ್ಟ. “ಅಮ್ಮ, ಇವಳ ಪಾಸ್‌ವರ್ಡ್ ಯಾವಾಗ್ಲೂ ಬೈಗುಳಾನೇ. ಯಾರ ಮೇಲೆ ಸಿಟ್ಟೋ ಅವರಿಗೆ ಒಂದು. ಹೋದ ಸಲ ನನಗಿತ್ತು. ‘ಒದ್ದೆ ಟವೆಲ್ ಮಂಚದ ಮೇಲೆ’ ಅಂತ.”

“ಈ ಸಲ ಯಾರಿಗೇ?” ಎಂದು ಸೊಸೆಯನ್ನು ಕೇಳಿದೆ.

“ಅದೇ ನೆನಪಾಗ್ತಿಲ್ಲ ಅತ್ತೆ. ಜ್ವರದ ಜೊತೆ ಸಿಟ್ಟೂ ಇಳಿದುಹೋಯ್ತು.”

ಟವೆಲ್ಲು, ಪಕ್ಕದ ಮನೆಯ ನಾಯಿ, ಕರೆಂಟು ತೆಗೆಯುವವನು, ಎಲ್ಲರನ್ನೂ ಬೈದು ನೋಡಿದ್ದಾಯಿತು. ಕಂಪ್ಯೂಟರ್ ಜಪ್ಪಯ್ಯ ಅನ್ನಲಿಲ್ಲ.

ನನಗೆ ಥಟ್ಟನೆ ಹೊಳೆಯಿತು. ಜ್ವರ ಬರುವ ಹಿಂದಿನ ದಿನ ಆಸ್ಪತ್ರೆಯ ಹಿರಿಯ ನರ್ಸಮ್ಮ ಬಂದಿದ್ದರು. ಅವರೆದುರು ನಾನು ಒಂದು ಮಾತು ಆಡಿದ್ದೆ, ಇವಳು ತುಟಿಪಿಟಕ್ಕೆನ್ನದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಈಗ ಅದನ್ನು ಮೆಲ್ಲಗೆ ಕೇಳಿದರೆ ‘ಹಾಗೇನಿಲ್ಲ ಅತ್ತೆ’ ಎನ್ನುವ ಪೈಕಿ ಇವಳು. ಸರಿ, ಅವತ್ತಿನ ಮಾತನ್ನೇ ಮತ್ತೆ ಆಡಿ ಇಳಿದ ಸಿಟ್ಟನ್ನು ಏರಿಸಿಯೇಬಿಡೋಣ ಎಂದು ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತೆ.

“ಇವಳದೇನು ಮಹಾ ಕೆಲಸ! ಹೊಲಿಯೋದು ಮಷೀನು. ಇವಳು ಕೂತ್ಕೊಂಡು ನೋಡ್ತಾಳೆ, ಅಷ್ಟೇ!”

“ಅಮ್ಮಾ!” ಎಂದ ಮಗ. ಅವನಿಗೆ ಕಣ್ಣು ಹೊಡೆದು ಇನ್ನೊಂದು ಸುತ್ತು ಶುರುಮಾಡಿದೆ.

“ನಾವು ಸೂಜಿ ಹಿಡಿದು ಕಣ್ಣು ಕಳ್ಕೊಂಡ್ವಿ. ಈಗ ಗುಂಡಿ ಒತ್ತೋದಕ್ಕೂ ಕಸುಬು ಅಂತ ಹೆಸರು!”

ಸೊಸೆಯ ಕಿವಿ ಕೆಂಪಾಯಿತು, ಮೂಗಿನ ಹೊಳ್ಳೆ ಅರಳಿತು. ಕುರ್ಚಿ ಎಳೆದುಕೊಂಡು ಟಪಟಪನೆ ಕುಟ್ಟಿದಳು. ತೆರೆಯಿತು ನೋಡಿ ಕಂಪ್ಯೂಟರ್!

ಮೂವರೂ ಹೋ ಎಂದು ಕೂಗಿದೆವು. ಅವಳಂತೂ ನನ್ನನ್ನು ತಬ್ಬಿಕೊಂಡೇಬಿಟ್ಟಳು.

“ಏನೇ ಅದು? ಏನಂತ ಇಟ್ಟಿದ್ದೆ?” ಎಂದೆ. ತಬ್ಬಿದ ಕೈ ಸಡಿಲವಾಯಿತು. ಅವಳು ಕುಟ್ಟುವಾಗ ಬೆರಳನ್ನೇ ನೋಡುತ್ತಿದ್ದ ಮಗ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದ: “‘ಅತ್ತೆ, ಸಾಕು, ಸುಮ್ನಿರಿ!’”

ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಚುಚ್ಚಿತು. ಆಮೇಲೆ ನಗು ತಡೆಯಲಾಗಲಿಲ್ಲ. “ಇದನ್ನ ಬಾಯಲ್ಲಿ ಹೇಳೋಕೇನಾಗಿತ್ತೇ ನಿಂಗೆ? ಹೇಳಿದ್ದಿದ್ರೆ ಇವತ್ತು ಈ ಪಾಡು ಇರ್ತಿತ್ತಾ?”

“ಹೂಂ ಅತ್ತೆ” ಎಂದಳು, ತಲೆ ತಗ್ಗಿಸಿ.

ಮರುದಿನ ಸಂಜೆ ನರ್ಸಮ್ಮ ಬಂದರು. ಬ್ಯಾಡ್ಜ್ ಮೇಲೆ ಹೆಬ್ಬೆರಳಾಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. “ಒಂದು ದಾರಾನೂ ಎದ್ದಿಲ್ವಲ್ಲ! ಡಾಕ್ಟರುಗಳದ್ದೂ ನೀವೇ ಮಾಡಿಕೊಡಿ” ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. “ಮಷೀನು ಬರೀ ನೆಪ ಅಮ್ಮಾ! ಒಂದೊಂದು ಹೊಲಿಗೆನೂ ನನ್ನ ಸೊಸೆ ಕೂತು ಯೋಚಿಸಿ ಇಟ್ಟಿದ್ದು. ಈ ಊರಲ್ಲೇ ಇವಳಂಥ ಕೆಲಸದವಳು...” ಎಂದು ಹೊಗಳುತ್ತಲೇ ಹೋದೆ.

“ಅತ್ತೆ, ಸಾಕು, ಸುಮ್ನಿರಿ!” ಎಂದಳು ಸೊಸೆ. ಬಾಯಿಬಿಟ್ಟು, ಗಟ್ಟಿಯಾಗಿ, ಗಿರಾಕಿಯ ಎದುರಿಗೇ, ನಗುನಗುತ್ತ.

ನನ್ನ ಜೀವಮಾನದಲ್ಲಿ ಮೊದಲ ಸಲ ಹೇಳಿದ ಕೂಡಲೇ ಸುಮ್ಮನಾದೆ.