ಒಂದು ಎಳೆ ಕಿತ್ತು ನೋಡಲು ಬಿಡದವಳು

ಹತ್ತಿ ಬಟ್ಟೆ ಇಸ್ತ್ರಿ ಮಾಡಿ ಮಾಡಿ ನನಗೆ ಸಾಕಾಗಿ ಹೋಗಿತ್ತು. ಗಂಡ ಅಂತರಸನಹಳ್ಳಿಯ ಶೆಡ್ಡೊಂದಕ್ಕೆ ವೆಲ್ಡಿಂಗ್ ಕೆಲಸಕ್ಕೆ ಹೋಗುತ್ತಾರೆ. ಕಿಡಿ ಹಾರುವ ಜಾಗಕ್ಕೆ ಹತ್ತಿ ಅಂಗಿಯೇ ಆಗಬೇಕೆಂದು ಅತ್ತೆಯ ಹಟ. ಶೆಡ್ಡಿಗೆ ಹೋಗೋಕೆ ಇಸ್ತ್ರಿ ಯಾಕೆ ಅಂದರೆ, ಬಸ್ಸಲ್ಲಿ ನಾಲ್ಕು ಜನ ನೋಡ್ತಾರೆ ಅನ್ನುವವರು ಗಂಡ. ಒಗೆದ ಕೂಡಲೇ ಮುದುರಿಕೊಳ್ಳುವ ಆ ಅಂಗಿಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಹತ್ತಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಅತ್ತೆಯದೇ ಕೊನೆಯ ಮಾತು. ಗುಬ್ಬಿ ಕಡೆಯವರು, ದಿನಾ ಹೂಬತ್ತಿ ಹೊಸೆಯುವ ಕೈ. ಹೊಸ ಬಟ್ಟೆ ಬಂದರೆ ದೇವರ ಮುಂದಿಟ್ಟು ಮೂಲೆಗೆ ಅರಿಶಿನ ಹಚ್ಚುವುದು ಎಲ್ಲರ ಮನೆಯ ಪದ್ಧತಿ. ಅತ್ತೆ ಅದಕ್ಕೆ ತಮ್ಮದೊಂದು ಸೇರಿಸಿದ್ದರು. ಅಂಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯುತ್ತಿದ್ದರು. ಬೂದಿಯಾಗಿ ಉದುರಿದರೆ ಹತ್ತಿ, ಕರಗಿ ಗುಂಡಗೆ ಗಟ್ಟಿಯಾದರೆ ಅಲ್ಲ.

ಕುಣಿಗಲ್ಲಿನ ತವರಿಗೆ ಹೋದಾಗ ಎರಡು ಅಂಗಿ ತಂದೆ. "ಪ್ಯೂರ್ ಕಾಟನ್ ಮೇಡಂ, ಇಸ್ತ್ರಿನೇ ಬೇಕಾಗಿಲ್ಲ," ಅಂದ ಅಂಗಡಿಯವನು. ಇಸ್ತ್ರಿ ಬೇಡದ ಅಪ್ಪಟ ಹತ್ತಿ ಎಲ್ಲಾದರೂ ಇದೆಯೇ? ಆ ಸುಳ್ಳನ ನಾಲಿಗೆ ಸೇದಿಹೋಗಲಿ ಎಂದು ಇವತ್ತಿಗೂ ಶಪಿಸುತ್ತೇನೆ. ಆದರೆ ನಂಬಿದವಳು ನಾನು. ನನಗೆ ನಂಬುವುದೇ ಬೇಕಿತ್ತು.

ಅತ್ತೆ ಅಂಗಿ ಸವರಿ ನೋಡಿ, "ಯಾಕೋ ಜಾರ್ತೈತೆ ಕಣೇ. ಇರು, ಒಂದೆಳೆ ಕೀಳ್ತೀನಿ," ಅಂದರು. ನಾನು ಕಸಿದುಕೊಂಡೆ. "ದೇವ್ರ ಮುಂದೆ ಹೊಸ ಬಟ್ಟೆ ಸುಡ್ಬಾರ್ದು ಅತ್ತೆ, ಅಪಶಕುನ," ಅಂದೆ. ಇಷ್ಟು ವರ್ಷ ಇಲ್ಲದ ಅಪಶಕುನ ಅವತ್ತು ನನ್ನ ಬಾಯಿಗೆ ಬಂತು. ಹಾಗಂದರೆ ಅವರು ಸುಮ್ಮನಾಗುತ್ತಾರೆಂದು ಗೊತ್ತಿತ್ತು. ಸುಮ್ಮನಾದರು.

ವಾರ ಕಳೆದಿರಲಿಲ್ಲ, ಶೆಡ್ಡಿನಲ್ಲಿ ಗಂಡನ ಏಪ್ರನ್ ಸಂದಿಯಲ್ಲಿ ಕಿಡಿ ಬಿತ್ತು. ಹತ್ತಿಯಾಗಿದ್ದರೆ ಒಂದು ತೂತು ಬೀಳುತ್ತಿತ್ತು, ಕೊಡವಿಕೊಂಡು ಕೆಲಸ ಮುಂದುವರಿಸುತ್ತಿದ್ದರು. ಈ ಅಂಗಿ ಕರಗಿ ಎದೆಗೆ ಅಂಟಿಕೊಂಡಿತು. ಆಸ್ಪತ್ರೆಯಲ್ಲಿ ಅದನ್ನು ಚರ್ಮದಿಂದ ಬಿಡಿಸುವಾಗ ಅವರು ಕಿರುಚಿದ್ದು ಹೊರಗಿನ ಬೆಂಚಿನವರೆಗೆ ಕೇಳಿಸಿತು. ಪಕ್ಕದಲ್ಲೇ ಕೂತಿದ್ದ ಅತ್ತೆ ನನ್ನ ಕಡೆ ತಿರುಗಲಿಲ್ಲ.

ಮನೆಗೆ ಕರೆತಂದ ಮೇಲೆ ಗಂಡನ ಮೈಗೆ ಮೆತ್ತನೆಯ ಹತ್ತಿ ಬಿಟ್ಟು ಬೇರೆ ಯಾವ ಬಟ್ಟೆಯೂ ತಾಗುವಂತಿರಲಿಲ್ಲ. ಅತ್ತೆ ತಮ್ಮ ಹಳೆಯ ಹತ್ತಿ ಸೀರೆಗಳನ್ನು ಕುದಿಸಿ, ಒಣಗಿಸಿ, ಮಗನಿಗೆ ಹಾಸಿ ಹೊದಿಸಿದರು. ಒಗೆಯುವುದಕ್ಕೂ ನನ್ನ ಕೈಗೆ ಕೊಡಲಿಲ್ಲ. ಹಾಗಂತ ಮಾತು ಬಿಟ್ಟವರಲ್ಲ. ಹೊತ್ತು ಹೊತ್ತಿಗೆ "ಊಟ ಮಾಡೇ" ಅನ್ನುತ್ತಿದ್ದರು. ಆ ಸಮಾಧಾನ ನೋಡಿ ನನಗೆ ರೇಗಿಹೋಗುತ್ತಿತ್ತು. ಕೊನೆಗೊಂದು ದಿನ ಒಗೆಯುವ ಕಲ್ಲಿನ ಹತ್ತಿರ ಹೋಗಿ ನಿಂತು, "ಒಂದ್ಸಲ ಬಾಯ್ತುಂಬ ಬೈದ್ಬಿಡಿ ಅತ್ತೆ, ನಂಗೆ ತಡ್ಕೊಳ್ಳೋಕಾಗ್ತಿಲ್ಲ," ಅಂದೆ.

ಅವರು ಸೀರೆ ಹಿಂಡುವುದನ್ನು ನಿಲ್ಲಿಸಲಿಲ್ಲ.

"ಬೈದ್ರೆ ನಿಂಗೆ ಹಗುರ ಆಗ್ತೈತೆ," ಅಂದರು. "ಅದ್ಕೇ ಬೈತಿಲ್ಲ."