ಅಕ್ಕ ನಿಲ್ಲುವ ಜಾಗ

ನನ್ನಕ್ಕನಿಗೆ ಬೀದಿಯವರೆಲ್ಲ ಇಟ್ಟ ಹೆಸರು ಇಲಿಟೀಚರ್. ಪ್ರಯೋಗಾಲಯದಲ್ಲಿ ಇಲಿಗಳನ್ನು ಈಜಿಸಿ ಅವುಗಳ ನೆನಪು ಪರೀಕ್ಷಿಸುವುದು ಅವಳ ಕೆಲಸ. ಪಂಜರ ತೊಳೆಯುವುದು ನನ್ನದು. ದುಂಡನೆಯ ದೊಡ್ಡ ತೊಟ್ಟಿ, ಹಾಲಿನ ಪುಡಿ ಕದಡಿದ ನೀರು, ಅದರಡಿ ಕಣ್ಣಿಗೆ ಕಾಣದ ಒಂದು ಪುಟ್ಟ ಪೀಠ. ಇಲಿ ಸುತ್ತಮುತ್ತ ನೋಡಿ, ಗುರುತು ಹಿಡಿದು, ಈಜಿ ಅದನ್ನು ಹತ್ತಬೇಕು. ಗೋಡೆಗೆ ಚಿತ್ರ ಅಂಟಿಸಿದ್ದರೂ ಅವು ನೆಚ್ಚುವುದು ಅಕ್ಕನನ್ನೇ. ಅದಕ್ಕೇ ಅವಳು ದಿನವೂ ಸಿಂಕಿನ ಪಕ್ಕ, ಅದೇ ನೀಲಿ ಕೋಟಿನಲ್ಲಿ, ಗೂಟ ಹೊಡೆದಂತೆ ನಿಲ್ಲಬೇಕು.

"ನಿಂತೂ ನಿಂತೂ ನಾನೂ ಗೋಡೆ ಆಗ್ಬಿಟ್ಟೆ ಕಣೇ," ಎಂದು ನಗುತ್ತಿದ್ದಳು.

ಆ ನಗು ನಿಂತದ್ದು ಈಚೆಗೆ. ನಮ್ಮಮ್ಮ ಕೊನೆಗಾಲದಲ್ಲಿ ಅಡುಗೆಮನೆಯಿಂದ ತನ್ನ ಕೋಣೆಗೆ ಹೋಗುವ ದಾರಿ ಮರೆತು ನಡುಮನೆಯಲ್ಲಿ ನಿಂತು ಅಳುತ್ತಿದ್ದಳು. ಈಗ ಬೀಗದಕೈ ಸಿಗದಿದ್ದರೂ ಸಾಕು, ಅಕ್ಕ ಬೆವರುತ್ತಾಳೆ.

"ನಂಗೂ ಅಮ್ಮನ ಹಾಗೇ ಆಗುತ್ತೇನೇ?"

"ಥೂ, ಬಿಡ್ತು ಅನ್ನು! ಬಾಯಿಗೆ ಬಂದಿದ್ದೆಲ್ಲ ಮಾತಾಡ್ಬೇಡ," ಎಂದು ರೇಗುತ್ತಿದ್ದೆ. ರೇಗುತ್ತಿದ್ದದ್ದು ಹೆದರಿಕೆಯಿಂದಲೇ.

ಒಂದು ಬೆಳಿಗ್ಗೆ, ಚೆನ್ನಾಗಿ ಕಲಿತಿದ್ದ ಇಲಿಗಳೆಲ್ಲ ದಾರಿ ತಪ್ಪಿದವು. ಒಂದಾದ ಮೇಲೊಂದು ನೇರವಾಗಿ ಈಜಿ ಹೋಗಿ, ಪೀಠವೇ ಇಲ್ಲದ ಕಡೆ ಗಿರಕಿ ಹೊಡೆಯತೊಡಗಿದವು.

"ಏನಾಯ್ತ್ರೀ ಇವಕ್ಕೆ ಇವತ್ತು?" ಪಕ್ಕದ ಕೋಣೆಯಲ್ಲಿ ತೊಟ್ಟಿಯ ಕ್ಯಾಮೆರಾ ಪರದೆ ನೋಡುತ್ತಿದ್ದ, ಪ್ರಯೋಗ ನಡೆಸುವ ಮೇಡಂ ಕೂಗಿದರು.

"ಗೊತ್ತಾಗ್ತಿಲ್ಲ ಮೇಡಂ... ಎಲ್ಲಾ ಒಟ್ಟಿಗೇ ಮರೆತ್ಬಿಟ್ಟಿವೆ," ಎಂದಳು ಅಕ್ಕ. ತೊಯ್ದ ಇಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದಳು.

ಪಂಜರ ಹಿಡಿದು ಒಳಗೆ ಬಂದ ನಾನು ಥಟ್ಟನೆ ನಿಂತೆ. ಅವಳು ನಿಂತಿದ್ದದ್ದು ಬಾಗಿಲ ಬಳಿ. ಸಿಂಕು ತೊಟ್ಟಿಯ ಆಚೆ ಬದಿಗಿತ್ತು. ಪಾಪದ ಇಲಿಗಳು ಅವಳನ್ನು ನೋಡಿಕೊಂಡೇ ಈಜಿದ್ದವು.

"ಅಕ್ಕಾ, ಇಲ್ಯಾಕೆ ನಿಂತಿದ್ದೀಯ? ಸಿಂಕ್ ಹತ್ರ ಹೋಗೇ," ಎಂದು ಪಿಸುಗುಟ್ಟಿದೆ.

"ನಿಂಗೇನಾಗಿದೆಯೇ? ನಾನು ಯಾವಾಗ್ಲೂ ಇಲ್ಲೇ ಅಲ್ವಾ ನಿಲ್ಲೋದು?"

ನಾನು ಸಿಂಕಿನತ್ತ ಬೆರಳು ತೋರಿದೆ. ಅಕ್ಕ ನನ್ನ ಮುಖ ನೋಡಿದಳು, ಸಿಂಕು ನೋಡಿದಳು, ಕೈಯಲ್ಲಿದ್ದ ಇಲಿಯನ್ನು ನೋಡಿದಳು. ತೋಳು ಹಿಡಿದು ಕರೆದೊಯ್ದು ಸಿಂಕಿನ ಪಕ್ಕ ನಿಲ್ಲಿಸಿದೆ. ಮುಂದಿನ ಇಲಿ ನೆಟ್ಟಗೆ ಈಜಿ ಪೀಠ ಹತ್ತಿತು. ಅದನ್ನು ಎತ್ತಿಕೊಂಡು ಅಕ್ಕ ಬಿಕ್ಕಿಬಿಕ್ಕಿ ಅತ್ತಳು.

ಮುಂದಿನ ವಾರ ಡಾಕ್ಟರ ಹತ್ತಿರ ಹೋಗುವುದಿದೆ. ಸದ್ಯಕ್ಕೆ, ಸಂಜೆ ಕೆಲಸ ಮುಗಿದ ಮೇಲೆ ನಾನು ಪ್ರಯೋಗಾಲಯದ ಗೇಟಿನ ಎಡಗಂಬದ ಪಕ್ಕವೇ ನಿಲ್ಲುತ್ತೇನೆ, ದಿನವೂ ಅದೇ ಹಳದಿ ಶಾಲು ಹೊದ್ದು. ಹೊರಬಂದ ಅಕ್ಕ ಕಂಗಾಲಾಗಿ ಸುತ್ತಲೂ ನೋಡುತ್ತಾಳೆ. ನನ್ನನ್ನು ಕಂಡೊಡನೆ ನೇರ ನನ್ನತ್ತ ಬರುತ್ತಾಳೆ. ಸೆಕೆಗೆ ಮೈ ಬೆಂದರೂ ನಾನು ಶಾಲು ತೆಗೆಯುವುದಿಲ್ಲ, ಆ ಜಾಗ ಬಿಟ್ಟು ಕದಲುವುದೂ ಇಲ್ಲ. ನನಗೆ ಭಯ.